ರೈತರ ಕಲಿಕಾ ಜಾಲಕ್ಕೆ ಮೂರು ವರ್ಷ ಸಾಲದು: ಹಣ ಕೊಡುವವರಿಗೆ ಒಂದು ಬಹಿರಂಗ ಪತ್ರ

ಕೃಷಿ ಸಚಿವಾಲಯಗಳ ಹಿರಿಯರಿಗೆ, ಕೃಷಿ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗೆ, ಅಭಿವೃದ್ಧಿ ಕೆಲಸಕ್ಕೆ ಹಣ ಕೊಡುವ ಪ್ರತಿಷ್ಠಾನಗಳಿಗೆ,

ನಮಸ್ಕಾರ.

ಸುಸ್ಥಿರ ಕೃಷಿಗಾಗಿ ಆನ್‌ಲೈನ್ ಕಲಿಕಾ ಜಾಲಗಳನ್ನು ಕಟ್ಟಲು ನೀವು ಹಣ ಕೊಡುತ್ತಿದ್ದೀರಿ. ಅದಕ್ಕೆ ಮೊದಲು ಧನ್ಯವಾದ. ರೈತರು, ಸಂಶೋಧಕರು, ಊರೂರಿಗೆ ಹೋಗಿ ಕೃಷಿ ಸಲಹೆ ಕೊಡುವ ವಿಸ್ತರಣಾ ಕಾರ್ಯಕರ್ತರು ಒಂದೇ ಕಡೆ ಸೇರುತ್ತಾರೆ. ತಮ್ಮ ಹೊಲದ ಫೋಟೊ ಹಾಕುತ್ತಾರೆ, ಪ್ರಶ್ನೆ ಕೇಳುತ್ತಾರೆ, ಒಬ್ಬರ ಪ್ರಯೋಗ ನೋಡಿ ಇನ್ನೊಬ್ಬರು ಕಲಿಯುತ್ತಾರೆ. ಇದು ದೊಡ್ಡ ಕೆಲಸ. ಇಂಥ ಜಾಲಗಳಲ್ಲಿ ಪ್ರಶ್ನೆಗಳನ್ನು ವಿಂಗಡಿಸುವ, ಉತ್ತರ ಗೊತ್ತಿರುವವರನ್ನು ಹುಡುಕುವ, ಚರ್ಚೆ ದಾರಿ ತಪ್ಪದಂತೆ ನೋಡಿಕೊಳ್ಳುವ ಅನುವುಗಾರ್ತಿಯಾಗಿ ನಾನು ಕೆಲಸ ಮಾಡುತ್ತಾ ಬಂದಿದ್ದೇನೆ. ಒಂದು ವಿಷಯವನ್ನು ನಿಮ್ಮ ಮುಂದೆ ನೇರವಾಗಿ ಇಡಬೇಕು ಅಂತ ಈ ಪತ್ರ.

ಜಾಲವನ್ನು ಶುರು ಮಾಡಲು ನೀವು ಹಣ ಕೊಡುತ್ತೀರಿ. ನಡೆಸಿಕೊಂಡು ಹೋಗಲು ಕೊಡುವುದಿಲ್ಲ. ಆಪ್ ಮಾಡಿಸಲು ಹಣ ಇರುತ್ತದೆ, ಉದ್ಘಾಟನೆಗೆ ಇರುತ್ತದೆ, ಮೊದಲ ವರ್ಷದ ತರಬೇತಿಗೂ ಇರುತ್ತದೆ. ದಿನಾ ಬೆಳಿಗ್ಗೆ ಕೂತು ಬಂದ ಪ್ರಶ್ನೆಗಳನ್ನು ಓದುವ ಮನುಷ್ಯನ ಸಂಬಳ ಮಾತ್ರ ಯಾವಾಗಲೂ ತಾತ್ಕಾಲಿಕ. ಎರಡೋ ಮೂರೋ ವರ್ಷಕ್ಕೆ ಯೋಜನೆ ಮುಗಿಯುತ್ತದೆ, ವರದಿ ಸಲ್ಲಿಕೆಯಾಗುತ್ತದೆ, ಜಾಲ ಸೊರಗುತ್ತದೆ. ನಾನು ಕೆಲಸ ಮಾಡಿದ ಒಂದು ಜಾಲದಲ್ಲಿ ಅನುದಾನ ನಿಂತ ಮೇಲೆ ಸರ್ವರ್ ಬಾಡಿಗೆ ಕಟ್ಟುವವರೇ ಇರಲಿಲ್ಲ. ರೈತರು ವರ್ಷಗಟ್ಟಲೆ ಕೇಳಿದ ಪ್ರಶ್ನೆ, ಕೊಟ್ಟ ಉತ್ತರ, ಹಾಕಿದ ಫೋಟೊ ಎಲ್ಲ ಹೋಯಿತು. ಎಲ್ಲೂ ಪ್ರತಿ ಇರಲಿಲ್ಲ. ಅದರಲ್ಲಿ ಬರೆದಿದ್ದ ರೈತರಿಗೆ ಯಾರೂ ಒಂದು ಮಾತು ಹೇಳಲಿಲ್ಲ.

ನನ್ನ ಕೋರಿಕೆ ಇಷ್ಟು. ಕಲಿಕಾ ಜಾಲಗಳಿಗೆ ಹತ್ತು ವರ್ಷಕ್ಕೆ ಕಡಿಮೆ ಇಲ್ಲದಂತೆ ಹಣ ಕೊಡಿ. ಅದರ ಹೆಚ್ಚಿನ ಪಾಲು ಅದನ್ನು ನಡೆಸುವ ಜನರಿಗೆ ಹೋಗಲಿ. ಅಲ್ಲಿ ಕೂಡಿದ ತಿಳಿವಳಿಕೆ ಯೋಜನೆ ಮುಗಿದ ಮೇಲೂ ಎಲ್ಲರ ಕೈಗೆ ಸಿಗುವಂತೆ ಇರಲಿ.

ಹತ್ತು ವರ್ಷ ಯಾಕೆ ಅಂತ ಕೇಳುತ್ತೀರಿ. ಮಣ್ಣಿನ ಲೆಕ್ಕ ಅಷ್ಟು ನಿಧಾನ, ಅದಕ್ಕೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬ್ರಾಡ್‌ಬಾಕ್ ಎಂಬ ಹೊಲವಿದೆ. 1843ರಲ್ಲಿ ಅಲ್ಲಿ ಗೋಧಿಯ ಮೇಲೆ ಶುರುವಾದ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಪ್ರತಿ ವರ್ಷ ಕೊಟ್ಟಿಗೆ ಗೊಬ್ಬರ ಹಾಕುತ್ತಾ ಬಂದ ತಾಕಿನಲ್ಲಿ ಮಣ್ಣಿನ ಸಾವಯವ ಇಂಗಾಲ ದಶಕಗಟ್ಟಲೆ ಏರುತ್ತಲೇ ಹೋಯಿತು. ಮೊದಲ ಮೂರು ವರ್ಷಕ್ಕೆ ಆ ಪ್ರಯೋಗ ನಿಲ್ಲಿಸಿದ್ದರೆ ನಮಗೆ ಏನು ಗೊತ್ತಾಗುತ್ತಿತ್ತು? ಸಾವಯವ ಪ್ರಮಾಣಪತ್ರದ ಪರಿವರ್ತನೆ ಅವಧಿಯೇ ಸಾಮಾನ್ಯವಾಗಿ ಎರಡು, ಮೂರು ವರ್ಷ. ಅಂದರೆ ಒಬ್ಬ ರೈತ ಹಳೆ ಪದ್ಧತಿ ಬಿಟ್ಟು, ಇಳುವರಿ ಕಡಿಮೆಯಾಗುವ ಕಷ್ಟದ ಕಾಲ ದಾಟಿ, ಈಗ ಏನೋ ಗೊತ್ತಾಗುತ್ತಿದೆ ಅನ್ನುವ ಹೊತ್ತಿಗೆ ನಿಮ್ಮ ಯೋಜನೆ ಮುಗಿದಿರುತ್ತದೆ. ಅವನಿಗೆ ಹೇಳುವುದು ಜಾಸ್ತಿ ಇರುವುದೇ ಆಗ. ಕೇಳುವವರು ಇರುವುದಿಲ್ಲ. ಹೊಲದ ಬದುವಿನಲ್ಲಿ ಮರ ನೆಟ್ಟವರ ಕತೆ ಇನ್ನೂ ದೂರದ್ದು. ನೆರಳು ಬೆಳೆಯ ಮೇಲೆ ಏನು ಮಾಡಿತು, ಎಲೆ ಉದುರಿ ಮಣ್ಣು ಏನಾಯಿತು, ಇದನ್ನು ಐದನೇ ವರ್ಷಕ್ಕಿಂತ ಮೊದಲು ಯಾರೂ ಸರಿಯಾಗಿ ಹೇಳಲಾರರು.

ಇನ್ನೊಂದು ಕಾರಣವೂ ಇದೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ರಸಗೊಬ್ಬರದ ಚೀಲದ ಮೇಲೆ ಎಷ್ಟು ಹಾಕಬೇಕು ಅಂತ ಅಚ್ಚು ಹಾಕಬಹುದು. ಬೆಳೆ ಸರದಿ, ಮಿಶ್ರ ಬೆಳೆ, ಮಣ್ಣಿಗೆ ಹೊದಿಕೆ, ಮಿತ್ರಕೀಟಗಳನ್ನು ಉಳಿಸಿಕೊಳ್ಳುವುದು, ಇವನ್ನು ಚೀಲದ ಮೇಲೆ ಬರೆಯಲು ಆಗುವುದಿಲ್ಲ. ಜೇಡಿಮಣ್ಣಿನಲ್ಲಿ ಒಳ್ಳೆಯದು ಮಾಡಿದ ಪದ್ಧತಿ ಮರಳು ಮಣ್ಣಿನಲ್ಲಿ ಕೈಕೊಡುತ್ತದೆ. ಮಳೆ ಹದಿನೈದು ದಿನ ಹಿಂದೆ ಮುಂದೆ ಆದರೆ ಲೆಕ್ಕವೇ ಬೇರೆ. ಹಾಗಾಗಿ ಸುಸ್ಥಿರ ಕೃಷಿಯಲ್ಲಿ ಕಲಿಯುವವನು ನೋಡಬೇಕು, ಊಹೆ ಮಾಡಬೇಕು, ಪ್ರಯತ್ನಿಸಬೇಕು, ಇನ್ನೊಬ್ಬರ ಹೊಲದ ಜೊತೆ ಹೋಲಿಸಬೇಕು. ಪಾಠ ಕೇಳಿದ ಮಾತ್ರಕ್ಕೆ ಇದು ಬರುವುದಿಲ್ಲ.

ಇಂಡೋನೇಷ್ಯಾ ಇದನ್ನು ಕಷ್ಟಪಟ್ಟು ಕಲಿಯಿತು. 1980ರ ದಶಕದಲ್ಲಿ ಅಲ್ಲಿ ಸರ್ಕಾರವೇ ಕೀಟನಾಶಕಕ್ಕೆ ಭಾರಿ ಸಹಾಯಧನ ಕೊಡುತ್ತಿತ್ತು. ರೈತರು ಭತ್ತಕ್ಕೆ ಹೊಡೆದರು. ಔಷಧಿಗೆ ಜೇಡ, ಮಿತ್ರಕೀಟಗಳು ಸತ್ತವು. ಅವುಗಳ ಕಾಟ ತಪ್ಪಿದ, ಭತ್ತದ ರಸ ಹೀರುವ ಕಂದು ಜಿಗಿಹುಳು ಇನ್ನಷ್ಟು ಹೆಚ್ಚಿತು. ಕೊನೆಗೆ 1986ರಲ್ಲಿ ಅಲ್ಲಿನ ಅಧ್ಯಕ್ಷರ ಆದೇಶದಿಂದ ಭತ್ತಕ್ಕೆ 57 ಕೀಟನಾಶಕಗಳ ಬಳಕೆ ನಿಷೇಧವಾಯಿತು. ಮೂರು ವರ್ಷದ ಮೇಲೆ, 1989ರಲ್ಲಿ, ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತ ಕ್ಷೇತ್ರ ಪಾಠಶಾಲೆಗಳು ಅಲ್ಲೇ ಶುರುವಾದವು. ಸುಮಾರು 25 ಜನ ರೈತರು, ವಾರಕ್ಕೊಮ್ಮೆ, ಬೆಳೆಯ ಕಾಲಪೂರ್ತಿ ಗದ್ದೆಯಲ್ಲೇ ಸೇರುತ್ತಿದ್ದರು. ಗಿಡ ನೋಡಿ, ಹುಳು ಎಣಿಸಿ, ಕಂಡದ್ದನ್ನು ದೊಡ್ಡ ಹಾಳೆಯಲ್ಲಿ ಚಿತ್ರ ಬರೆದು, ಏನು ಮಾಡಬೇಕು ಅಂತ ತಾವೇ ವಾದ ಮಾಡಿ ತೀರ್ಮಾನಿಸುತ್ತಿದ್ದರು. "ಇದು ಯಾವ ಹುಳು?" ಅಂತ ಕೇಳಿದರೆ ಅನುವುಗಾರ ಹೆಸರು ಹೇಳುತ್ತಿರಲಿಲ್ಲ. "ಎಲ್ಲಿ ಸಿಕ್ಕಿತು? ಏನು ತಿನ್ನುತ್ತಿತ್ತು?" ಅಂತ ತಿರುಗಿ ಕೇಳುತ್ತಿದ್ದ. ಈ ಪಾಠಶಾಲೆಗಳು ಈಗ 90ಕ್ಕೂ ಹೆಚ್ಚು ದೇಶಗಳಿಗೆ ಹೋಗಿವೆ.

ಅವುಗಳ ಒಂದು ಕೊರತೆಯನ್ನೂ ಹೇಳಬೇಕು. 2004ರಲ್ಲಿ ವಿಶ್ವಬ್ಯಾಂಕ್‌ನ ಸಂಶೋಧಕರು ಇಂಡೋನೇಷ್ಯಾದ ಪಾಠಶಾಲೆಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿ ಕಲಿತವರಿಂದ ಅಕ್ಕಪಕ್ಕದ ರೈತರಿಗೆ ತಿಳಿವಳಿಕೆ ಹೆಚ್ಚೇನೂ ಹರಡಿರಲಿಲ್ಲ. ನನಗೆ ಇದು ಆಶ್ಚರ್ಯ ಅನ್ನಿಸುವುದಿಲ್ಲ. ಹನ್ನೆರಡು ವಾರ ಗದ್ದೆಯಲ್ಲಿ ನಿಂತು ಬಂದ ತಿಳಿವಳಿಕೆಯನ್ನು ಪಕ್ಕದವನಿಗೆ ಎರಡು ಮಾತಿನಲ್ಲಿ ದಾಟಿಸಲು ಆಗುವುದಿಲ್ಲ. ಆನ್‌ಲೈನ್ ಜಾಲದ ನಿಜವಾದ ಉಪಯೋಗ ಇಲ್ಲಿದೆ ಅಂತ ನಾನು ನಂಬುತ್ತೇನೆ. ಒಬ್ಬ ರೈತ ಹೇಗೆ ನೋಡಿದ, ಏನು ಅನುಮಾನಪಟ್ಟ, ಏನು ಮಾಡಿದ, ಏನಾಯಿತು, ಈ ಇಡೀ ದಾರಿಯನ್ನು ದಾಖಲೆ ಮಾಡಿ ದೂರದ ಇನ್ನೊಬ್ಬನಿಗೆ ತೋರಿಸಬಹುದು. ಆದರೆ ಆ ದಾಖಲೆ ತಾನಾಗಿ ಆಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಜಾಲಕ್ಕೆ ಬರುವ ಪ್ರಶ್ನೆಗಳಲ್ಲಿ ತುಂಬ ಸಾಮಾನ್ಯವಾದದ್ದು ಇದು: "ಎಲೆ ಹಳದಿ ಆಗುತ್ತಿದೆ. ಏನು ಹೊಡೆಯಲಿ?" ಜೊತೆಗೆ ಒಂದು ಮಸುಕು ಫೋಟೊ. ನಿರ್ವಹಿಸುವವರು ಯಾರೂ ಇಲ್ಲದ ಗುಂಪಿನಲ್ಲಿ ಹತ್ತು ನಿಮಿಷದಲ್ಲಿ ಮೂರು ಔಷಧಿಯ ಹೆಸರು ಬರುತ್ತದೆ. ಅದರಲ್ಲಿ ಒಂದನ್ನಾದರೂ ಮಾರುವವರೇ ಹೇಳಿರುತ್ತಾರೆ. ಅನುವುಗಾರರು ಇರುವ ಕಡೆ ಮೊದಲು ಪ್ರಶ್ನೆ ಬರುತ್ತದೆ. ಹಳದಿ ಆಗಿರುವುದು ಕೆಳಗಿನ ಹಳೆಯ ಎಲೆಯೋ, ಮೇಲಿನ ಹೊಸ ಎಲೆಯೋ? ಹಳೆಯ ಎಲೆಯಾದರೆ ಸಾರಜನಕದ ಕೊರತೆ ಇರಬಹುದು, ವಯಸ್ಸಾಗಿಯೂ ಇರಬಹುದು. ಹೊಸ ಎಲೆಯಾಗಿ, ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆಯ ಕಡೆ ನೋಡಬೇಕು. ಅದರಲ್ಲೂ ಎರಡು ಬಗೆ. ಮಣ್ಣಿನಲ್ಲಿ ಕಬ್ಬಿಣವೇ ಇಲ್ಲದಿರಬಹುದು. ಇಲ್ಲವೇ ಮಣ್ಣು ಕ್ಷಾರವಾಗಿ, ಇರುವ ಕಬ್ಬಿಣ ಗಿಡಕ್ಕೆ ಸಿಗದಿರಬಹುದು. ಮಚ್ಚೆ ಮಚ್ಚೆಯಾಗಿ, ಎಲೆ ಮುದುಡಿದ್ದರೆ ನಂಜು ರೋಗವೇ? ನೀರು ನಿಂತಿತ್ತೇ? ಗಿಡ ಕಿತ್ತು ಬೇರು ನೋಡಿದಿರಾ, ಗಂಟು ಇದೆಯೇ? ಎಲೆಯ ಕೆಳಭಾಗದ ಫೋಟೊ ಹಾಕುತ್ತೀರಾ? ಹೊಲದ ತುಂಬ ಹೀಗಿದೆಯೋ, ಒಂದು ಮೂಲೆಯಲ್ಲಿ ಮಾತ್ರವೋ?

ಈ ಪ್ರಶ್ನೆಗಳಿಗೆ ರೈತ ಉತ್ತರ ಕೊಡುತ್ತಾ ಹೋದಂತೆ ಅರ್ಧ ಉತ್ತರ ಅವನಿಗೇ ಹೊಳೆಯುತ್ತದೆ. ಓದುತ್ತಿರುವ ನೂರು ಜನರಿಗೆ ಮುಂದಿನ ಸಲ ಏನು ನೋಡಬೇಕು ಅಂತ ಗೊತ್ತಾಗುತ್ತದೆ. ಕಲಿಕೆ ಆಗುವುದು ಅಲ್ಲಿ. ಎರಡು ವಾರ ಬಿಟ್ಟು ಅನುವುಗಾರರು ಮತ್ತೆ ಬರುತ್ತಾರೆ. "ಆಮೇಲೆ ಏನಾಯಿತು?" ಅಂತ ಕೇಳುತ್ತಾರೆ. ನನ್ನ ಮಟ್ಟಿಗೆ ಇಡೀ ಜಾಲದಲ್ಲಿ ಅತ್ಯಂತ ಬೆಲೆಯುಳ್ಳ ಪ್ರಶ್ನೆ ಇದು. ಬಹುತೇಕ ಜಾಲಗಳಲ್ಲಿ ಇದನ್ನು ಕೇಳುವವರೇ ಇಲ್ಲ. ಸಲಹೆ ಎಷ್ಟು ಹೋಯಿತು ಅಂತ ಲೆಕ್ಕ ಇರುತ್ತದೆ. ಸಲಹೆ ಫಲ ಕೊಟ್ಟಿತೇ ಅನ್ನುವುದು ಎಲ್ಲೂ ಇರುವುದಿಲ್ಲ. ಈ ಕೆಲಸಕ್ಕೆ ಸಮಯ ಬೇಕು, ಬೆಳೆಯ ಅನುಭವ ಬೇಕು, ರೈತರ ಭಾಷೆಯಲ್ಲಿ ತಾಳ್ಮೆಯಿಂದ ಮಾತಾಡುವ ಗುಣ ಬೇಕು. ನಿಮ್ಮ ಯೋಜನಾ ವೆಚ್ಚದ ಪಟ್ಟಿಯಲ್ಲಿ ಇದನ್ನು "ಸ್ವಯಂಸೇವಕರು ನೋಡಿಕೊಳ್ಳುತ್ತಾರೆ" ಅಂತ ಬರೆದಿರುತ್ತದೆ. ಇದು ನ್ಯಾಯ ಅಲ್ಲ.

ಮನುಷ್ಯರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ ಅಳತೆಯೂ ಇದೆ. ವಿಡಿಯೊ ಮೂಲಕ ಕೃಷಿ ಕಲಿಸುವ ಡಿಜಿಟಲ್ ಗ್ರೀನ್ ತಂಡದವರು ದಕ್ಷಿಣ ಭಾರತದ 16 ಹಳ್ಳಿಗಳಲ್ಲಿ 13 ತಿಂಗಳು ಒಂದು ಪ್ರಯೋಗ ಮಾಡಿ, 2009ರಲ್ಲಿ ಅದನ್ನು ಪ್ರಕಟಿಸಿದರು. ಸ್ಥಳೀಯ ರೈತರನ್ನೇ ಚಿತ್ರೀಕರಿಸಿದ ವಿಡಿಯೊಗಳನ್ನು ಗುಂಪಿನಲ್ಲಿ ತೋರಿಸಿದರು. ಹಳೆಯ ವಿಸ್ತರಣಾ ಪದ್ಧತಿಗೆ ಹೋಲಿಸಿದರೆ ಕೆಲವು ಪದ್ಧತಿಗಳನ್ನು ಅಳವಡಿಸಿಕೊಂಡವರು ಏಳು ಪಟ್ಟು ಜಾಸ್ತಿ ಇದ್ದರು. ಈ ಸಂಖ್ಯೆಯನ್ನು ವಿಡಿಯೊದ ಗೆಲುವು ಅಂತ ತುಂಬ ಜನ ಹೇಳಿಕೊಂಡು ತಿರುಗುತ್ತಾರೆ. ಆದರೆ ವಿಡಿಯೊ ಓಡುತ್ತಿರುವಾಗ ಪಕ್ಕದಲ್ಲಿ ಊರಿನವರೇ ಒಬ್ಬರು ನಿಂತಿರುತ್ತಿದ್ದರು. ನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು, ಯಾರು ಏನು ಕೇಳಿದರು, ಯಾರು ಮಾಡಿ ನೋಡಿದರು ಅಂತ ಬರೆದಿಟ್ಟುಕೊಳ್ಳುತ್ತಿದ್ದರು. ಈ ಭಾಗ ಮಾತ್ರ ಯಾರ ಭಾಷಣದಲ್ಲೂ ಬರುವುದಿಲ್ಲ.

ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ದೊಡ್ಡ ವಿಶ್ವವಿದ್ಯಾಲಯಗಳ ಆನ್‌ಲೈನ್ ಕೋರ್ಸ್‌ಗಳನ್ನೇ ನೋಡಿ. ಹಾರ್ವರ್ಡ್ ಮತ್ತು ಎಂಐಟಿಯ ಮುಕ್ತ ಕೋರ್ಸ್‌ಗಳಿಗೆ 2017–18ರಲ್ಲಿ ಸೇರಿದವರಲ್ಲಿ ಮುಗಿಸಿದವರು ಸುಮಾರು ಶೇ 3. ಇದು 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಲೆಕ್ಕ. ಅಲ್ಲಿ ಪಾಠ ಚೆನ್ನಾಗಿಯೇ ಇತ್ತು, ಅಲ್ವಾ?

ಯಾರ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೇವೆ ಅನ್ನುವುದೂ ಮುಖ್ಯ. ಕೆನಡಾದ ಕೃಷಿ ಪ್ರಸಾರಕ ಜಾರ್ಜ್ ಆಟ್ಕಿನ್ಸ್ 1975ರಲ್ಲಿ ಜಾಂಬಿಯಾದಲ್ಲಿ ಬಸ್ಸಿನಲ್ಲಿ ಹೋಗುತ್ತಿದ್ದರು. ಜೊತೆಯಲ್ಲಿ ಬೇರೆ ದೇಶಗಳ ಪ್ರಸಾರಕರಿದ್ದರು. ಅವರಲ್ಲಿ ಒಬ್ಬರು ತಮ್ಮ ರೇಡಿಯೊದಲ್ಲಿ ಟ್ರ್ಯಾಕ್ಟರ್‌ನ ಸ್ಪಾರ್ಕ್ ಪ್ಲಗ್ ನೋಡಿಕೊಳ್ಳುವ ಬಗ್ಗೆ ಕಾರ್ಯಕ್ರಮ ಮಾಡಿದ್ದಾಗಿ ಹೇಳಿದರು. ಕೇಳುವ ರೈತರಲ್ಲಿ ಟ್ರ್ಯಾಕ್ಟರ್ ಇದ್ದವರೇ ಅಪರೂಪ. ಅವರು ಉಳುತ್ತಿದ್ದದ್ದು ಎತ್ತಿನಲ್ಲಿ. ಸಿಗುತ್ತಿದ್ದ ಮಾಹಿತಿ ಶ್ರೀಮಂತ ದೇಶಗಳದ್ದೇ ಆಗಿದ್ದರಿಂದ ಪ್ರಸಾರಕರು ಅದನ್ನೇ ಓದಬೇಕಾಗಿತ್ತು. ಆಟ್ಕಿನ್ಸ್ 1979ರಲ್ಲಿ ಶುರು ಮಾಡಿದ ರೇಡಿಯೊ ಜಾಲ ಇವತ್ತು ಫಾರ್ಮ್ ರೇಡಿಯೊ ಇಂಟರ್‌ನ್ಯಾಷನಲ್ ಆಗಿ ಆಫ್ರಿಕಾದ ನೂರಾರು ಕೇಂದ್ರಗಳ ಜೊತೆ ಕೆಲಸ ಮಾಡುತ್ತಿದೆ. ನಾಲ್ಕು ದಶಕ ದಾಟಿದೆ. ಮೂರು ವರ್ಷಕ್ಕೆ ಅದನ್ನು ಬಿಟ್ಟಿದ್ದರೆ ಅದೂ ಹಳೆಯ ಕಡತವೊಂದರಲ್ಲಿ ಉಳಿಯುತ್ತಿತ್ತು.

ಸರಿಯಾದ ಸಂಪರ್ಕ ಇಲ್ಲದ್ದಕ್ಕೆ ಜಗತ್ತು ತೆತ್ತ ಬೆಲೆ ದೊಡ್ಡದು. ಮೆಕ್ಕೆಜೋಳವನ್ನು ತಿನ್ನುವ ಫಾಲ್ ಸೈನಿಕ ಹುಳು ಅಮೆರಿಕ ಖಂಡದ್ದು. 2016ರಲ್ಲಿ ಅದು ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿತು. 2018ರ ಹೊತ್ತಿಗೆ ಆಫ್ರಿಕಾದ 40ಕ್ಕೂ ಹೆಚ್ಚು ದೇಶಗಳಲ್ಲಿ ಹರಡಿ, ಭಾರತಕ್ಕೂ ಬಂತು. ಈ ಹುಳುವಿನ ಜೊತೆ ಮಧ್ಯ ಅಮೆರಿಕದ ಸಣ್ಣ ರೈತರು ತಲೆಮಾರುಗಳಿಂದ ಬದುಕಿದ್ದಾರೆ. ಸುಳಿಗೆ ಬೂದಿ, ಮರಳು, ಮಣ್ಣು ಹಾಕುವುದು, ಇರುವೆ ಮತ್ತು ಕಣಜಗಳನ್ನು ಕರೆಯಲು ಸಕ್ಕರೆ ನೀರು ಸಿಂಪಡಿಸುವುದು, ಮೊಟ್ಟೆಯ ಗುಂಪನ್ನು ಕೈಯಿಂದ ಹಿಸುಕಿ ಹಾಕುವುದು ಅವರಿಗೆ ಗೊತ್ತಿತ್ತು. ಆ ಅನುಭವ ಸ್ಪ್ಯಾನಿಷ್ ಮಾತಾಡುವ ಹೊಲಗಳಲ್ಲಿ ಇತ್ತು. ಹುಳು ಸಾಗರ ದಾಟಿ ಬಂದಷ್ಟು ಬೇಗ ಅದು ಬರಲಿಲ್ಲ. ಬಹಳಷ್ಟು ಕಡೆ ರೈತರ ಕೈಗೆ ಮೊದಲು ಬಂದದ್ದು ಕೀಟನಾಶಕ. ಒಂದು ಖಂಡದ ರೈತರು ಇನ್ನೊಂದು ಖಂಡದ ರೈತರ ಜೊತೆ ಮಾತಾಡುವ ಜಾಲ, ಅದಕ್ಕೆ ಅನುವಾದಕರು, ಮೊದಲೇ ಸಿದ್ಧವಾಗಿದ್ದರೆ ಚಿತ್ರ ಬೇರೆ ಇರುತ್ತಿತ್ತು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಮುಂದಿನ ಕೀಟಕ್ಕೂ ಹೀಗೇ ತಡವಾಗಬೇಕೇ? ಪಿಡುಗು ಬಂದ ಮೇಲೆ ಜಾಲ ಕಟ್ಟಲು ಹೊರಟರೆ ಎರಡು ಬೆಳೆ ಅಷ್ಟರಲ್ಲಿ ಹೋಗಿರುತ್ತದೆ.

ಜಾಲಗಳಲ್ಲಿ ತಪ್ಪು ಮಾಹಿತಿ ಹರಡುತ್ತದೆ ಅಂತ ನಿಮ್ಮಲ್ಲಿ ಕೆಲವರಿಗೆ ಭಯ ಇದೆ. ಭಯ ಸರಿಯಾದದ್ದೇ. ಪವಾಡದ ದ್ರಾವಣ, ಒಂದೇ ಸಲಕ್ಕೆ ದುಪ್ಪಟ್ಟು ಇಳುವರಿ, ಇಂಥ ಮಾತುಗಳು ನಿಜವಾದ ಅನುಭವಕ್ಕಿಂತ ಬೇಗ ಓಡುತ್ತವೆ. ಇದಕ್ಕೆ ಬಾಯಿ ಮುಚ್ಚಿಸುವುದು ಮದ್ದಲ್ಲ. ಹೋಲಿಸಿ ನೋಡುವ ಅಭ್ಯಾಸ ಬೆಳೆಸಬೇಕು. ಶ್ರೀ ಪದ್ಧತಿಯ ಭತ್ತವನ್ನೇ ತೆಗೆದುಕೊಳ್ಳಿ. ಎಳೆಯ ಪೈರು, ಗುಣಿಗೆ ಒಂದೇ ಸಸಿ, ಅಗಲ ಅಂತರ, ನೀರು ನಿಲ್ಲಿಸದೆ ತೇವ ಮಾತ್ರ ಇಡುವುದು, ಇದನ್ನು 1980ರ ದಶಕದಲ್ಲಿ ಮಡಗಾಸ್ಕರ್‌ನಲ್ಲಿ ಪಾದ್ರಿ ಆನ್ರಿ ದ ಲೊಲಾನಿಯೆ ರೈತರ ಜೊತೆ ರೂಪಿಸಿದರು. ಕಾರ್ನೆಲ್ ವಿಶ್ವವಿದ್ಯಾಲಯದ ನಾರ್ಮನ್ ಅಪಾಫ್ ಮತ್ತು ಅವರ ಜೊತೆಯವರು ಕಟ್ಟಿದ ಜಾಲದ ಮೂಲಕ ಅದು 50ಕ್ಕೂ ಹೆಚ್ಚು ದೇಶಗಳಿಗೆ ಹೋಯಿತು. ಇಳುವರಿಯ ಬಗ್ಗೆ ಹೇಳಿದ ದೊಡ್ಡ ದೊಡ್ಡ ಸಂಖ್ಯೆಗಳನ್ನು ಭತ್ತದ ವಿಜ್ಞಾನಿಗಳು ಕಟುವಾಗಿ ಪ್ರಶ್ನಿಸಿದರು. ಜಗಳ ವರ್ಷಗಟ್ಟಲೆ ನಡೆಯಿತು. ನನಗೆ ಆ ಜಗಳ ಒಳ್ಳೆಯದೇ ಅನ್ನಿಸುತ್ತದೆ. ಎಲ್ಲಿ ಕೆಲಸ ಮಾಡಿತು, ಎಲ್ಲಿ ಕಳೆ ಕೀಳಲು ಕೂಲಿ ಸಿಗದೆ ಬಿಟ್ಟರು ಅನ್ನುವುದೆಲ್ಲ ಹೊರಗೆ ಬಂತು.

ಸೋತ ಪ್ರಯೋಗವನ್ನು ಹೇಳಿಕೊಳ್ಳಲು ಜಾಗ ಇಲ್ಲದ ಜಾಲ ಸುಮ್ನೆ ಹೊಗಳಿಕೆಯ ಕೂಟ ಆಗಿಬಿಡುತ್ತದೆ. ಯೋಜನೆಗೆ ಯಶೋಗಾಥೆ ಬೇಕು ಅಂತ ನೀವು ಕೇಳಿದಷ್ಟೂ ಸೋಲು ಮರೆಯಾಗುತ್ತದೆ. ದಯವಿಟ್ಟು ವರದಿಯ ನಮೂನೆಯಲ್ಲಿ "ಏನು ಫಲ ಕೊಡಲಿಲ್ಲ, ಯಾವ ಮಣ್ಣಿನಲ್ಲಿ, ಯಾವ ಹವೆಯಲ್ಲಿ" ಅನ್ನುವುದಕ್ಕೂ ಒಂದು ಪುಟ ಇಡಿ.

ರೈತರೇ ಪ್ರಯೋಗ ಮಾಡಿದರೆ ವಿಜ್ಞಾನಕ್ಕೆ ಆಗಿಬರುವುದಿಲ್ಲ ಅಂತ ಈಗಲೂ ಹೇಳುವವರು ಇದ್ದಾರೆ. ಅವರು ಮೂರು ತಳಿಗಳ ಹೋಲಿಕೆಯ ಪದ್ಧತಿಯನ್ನು ನೋಡಬೇಕು. ಪ್ರತಿ ರೈತರಿಗೂ ಹತ್ತಾರು ತಳಿಗಳಲ್ಲಿ ಮೂರನ್ನು ಮಾತ್ರ ಕೊಡುತ್ತಾರೆ. ಯಾವುದು ಚೆನ್ನಾಗಿ ಬಂತು, ಯಾವುದು ಕೆಟ್ಟದಾಗಿ ಬಂತು ಅಂತ ಅವರು ಹೇಳಿದರೆ ಸಾಕು. ಸಾವಿರಾರು ಜನರ ಈ ಸರಳ ಉತ್ತರಗಳನ್ನು ಹವಾಮಾನದ ಮಾಹಿತಿಯ ಜೊತೆ ಸೇರಿಸಿದರೆ, ಯಾವ ಹವೆಗೆ ಯಾವ ತಳಿ ಅನ್ನುವುದು ಕಾಣುತ್ತದೆ. ನಿಕರಾಗುವಾ, ಇಥಿಯೋಪಿಯಾ ಮತ್ತು ಭಾರತದ ರೈತರ 12 ಸಾವಿರಕ್ಕೂ ಹೆಚ್ಚು ತಾಕುಗಳಿಂದ ಹೀಗೆ ಮಾಡಿದ ಅಧ್ಯಯನ 2019ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂತು. ಇಷ್ಟು ಬಗೆಯ ಮಣ್ಣು, ಮಳೆ, ಬಿಸಿಲನ್ನು ಯಾವ ಸಂಶೋಧನಾ ಕೇಂದ್ರ ತಾನೊಂದೇ ಕೊಡಲು ಸಾಧ್ಯ?

ಈಗ ತಿಳಿವಳಿಕೆಯ ಒಡೆತನದ ಮಾತು. ರೈತರ ಪ್ರಶ್ನೆಗಳು ಬೆಲೆಬಾಳುವ ವಸ್ತು. ಯಾವ ಪ್ರದೇಶದಲ್ಲಿ ಯಾವ ರೋಗ ಶುರುವಾಗಿದೆ ಅಂತ ಮೊದಲು ಗೊತ್ತಾದವರು ಮೊದಲು ಮಾರುತ್ತಾರೆ. ಸಲಹೆ ಕೊಡುವವರೂ ಔಷಧಿ ಮಾರುವವರೂ ಒಬ್ಬರೇ ಆದ ಜಾಲಕ್ಕೆ ಸಾರ್ವಜನಿಕ ಹಣ ಹೋಗಬಾರದು. ಸಾರ್ವಜನಿಕ ಹಣದಲ್ಲಿ ಬೆಳೆದ ಪ್ರಶ್ನೋತ್ತರ, ವಿಡಿಯೊ, ಪಾಠ ಎಲ್ಲವೂ ಮುಕ್ತ ಪರವಾನಗಿಯಲ್ಲಿ ಇರಬೇಕು. ಯಾರು ಬೇಕಾದರೂ ಇಳಿಸಿಕೊಂಡು, ತಮ್ಮ ಭಾಷೆಗೆ ತಂದು, ಬಳಸುವಂತಿರಬೇಕು. ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಬಗ್ಗೆ 2019ರಲ್ಲಿ ಯುನೆಸ್ಕೊ ಶಿಫಾರಸನ್ನು ನಿಮ್ಮ ದೇಶಗಳೇ ಒಪ್ಪಿವೆ. ಇದು ಆಗದ ಮಾತೂ ಅಲ್ಲ. ಆಕ್ಸೆಸ್ ಅಗ್ರಿಕಲ್ಚರ್ ಸಂಸ್ಥೆ ರೈತರಿಂದ ರೈತರಿಗೆ ಮಾಡಿದ ವಿಡಿಯೊಗಳನ್ನು ನೂರಕ್ಕೂ ಹೆಚ್ಚು ಭಾಷೆಗಳಲ್ಲಿ ಉಚಿತವಾಗಿ ಕೊಡುತ್ತಿದೆ. ಆದರೆ ರೈತರ ಹೆಸರು, ಜಾಗ, ಫೋನ್ ನಂಬರ್ ಮಾತ್ರ ಅವರ ಒಪ್ಪಿಗೆ ಇಲ್ಲದೆ ಎಲ್ಲೂ ಹೋಗಬಾರದು. ತಿಳಿವಳಿಕೆ ತೆರೆದಿರಲಿ, ಮನುಷ್ಯರ ಗುಟ್ಟು ಉಳಿಯಲಿ.

ಈಚೆಗೆ ನಿಮ್ಮ ಸಭೆಗಳಲ್ಲಿ ಇನ್ನೊಂದು ಮಾತು ಕೇಳುತ್ತೇನೆ. ಕೃತಕ ಬುದ್ಧಿಮತ್ತೆ ಬಂದಿದೆ, ಇನ್ನು ಅನುವುಗಾರರು ಯಾಕೆ ಅಂತ. ಆ ಯಂತ್ರ ಉತ್ತರ ಕೊಡುವುದು ಈಗಾಗಲೇ ಯಾರೋ ಬರೆದಿಟ್ಟದ್ದರಿಂದ. ಸಣ್ಣ ರೈತರ ಅನುಭವ ಅವರ ಭಾಷೆಯಲ್ಲಿ ಬರೆದಿಟ್ಟಿರುವುದೇ ಕಡಿಮೆ. ಬರೆದಿಟ್ಟಿದ್ದನ್ನೂ ಸರ್ವರ್ ಬಾಡಿಗೆ ಕಟ್ಟದೆ ಅಳಿಸಿದ್ದೇವೆ. ಮಣ್ಣು ಗೊತ್ತಿಲ್ಲದೆ ಕೊಟ್ಟ ಸಲಹೆ ಎಷ್ಟು ಚೆನ್ನಾದ ವಾಕ್ಯದಲ್ಲಿದ್ದರೂ ಹೊಲದಲ್ಲಿ ನಷ್ಟವೇ. ಹುಡುಕುವುದಕ್ಕೆ, ಅನುವಾದಕ್ಕೆ, ಒಂದೇ ಬಗೆಯ ಪ್ರಶ್ನೆಗಳನ್ನು ಗುಂಪು ಮಾಡುವುದಕ್ಕೆ ಈ ಯಂತ್ರಗಳನ್ನು ಖಂಡಿತ ಬಳಸಿ. ಅನುವುಗಾರರ ಕೈಗೆ ಅದನ್ನು ಕೊಡಿ. ಅವರ ಜಾಗದಲ್ಲಿ ಅದನ್ನು ಕೂರಿಸಬೇಡಿ.

ಆನ್‌ಲೈನ್ ಅಂದ ಕೂಡಲೇ ಎಲ್ಲರೂ ಬಂದರು ಅಂತಲೂ ಅಂದುಕೊಳ್ಳಬೇಡಿ. ಜಗತ್ತಿನಲ್ಲಿ ಇಂಟರ್‌ನೆಟ್ ಬಳಸದವರು ಇನ್ನೂ 200 ಕೋಟಿಗೂ ಹೆಚ್ಚು. ಮನೆಗೆ ಒಂದೇ ಫೋನ್ ಇದ್ದರೆ ಅದು ಸಾಮಾನ್ಯವಾಗಿ ಗಂಡಸಿನ ಜೇಬಿನಲ್ಲಿ ಇರುತ್ತದೆ. ಬೀಜ ಆರಿಸುವವಳು, ಕಳೆ ಕೀಳುವವಳು, ಕೋಳಿ ಮೇಕೆ ನೋಡಿಕೊಳ್ಳುವವಳು ಗುಂಪಿನಲ್ಲಿ ಇರುವುದೇ ಇಲ್ಲ. ವಿಶ್ವಸಂಸ್ಥೆ 2026ನ್ನು ಅಂತರರಾಷ್ಟ್ರೀಯ ರೈತ ಮಹಿಳಾ ವರ್ಷ ಅಂತ ಘೋಷಿಸಿದೆ. ಹಾಗಿದ್ದರೆ ಜಾಲದ ಅನುವುಗಾರರಲ್ಲಿ ಅರ್ಧದಷ್ಟಾದರೂ ಹೆಂಗಸರು ಇರಲಿ. ಧ್ವನಿಯಲ್ಲಿ ಪ್ರಶ್ನೆ ಕೇಳುವ ವ್ಯವಸ್ಥೆ ಇರಲಿ, ಎಲ್ಲರಿಗೂ ಬರೆಯಲು ಬರುವುದಿಲ್ಲ. ಸಿಗ್ನಲ್ ಇಲ್ಲದ ಕಡೆಗೆ ರೇಡಿಯೊ, ಮೆಮೊರಿ ಕಾರ್ಡ್, ಸೌರಶಕ್ತಿಯ ಪ್ರೊಜೆಕ್ಟರ್ ಹೋಗಲಿ. ಅಲ್ಲಿಂದ ಪ್ರಶ್ನೆಗಳನ್ನು ಬರೆದುಕೊಂಡು ಬರುವ ಒಬ್ಬರಿಗೂ ಸಂಬಳ ಇರಲಿ.

ಇದೆಲ್ಲ ನಾನು ದಾನವಾಗಿ ಕೇಳುತ್ತಿಲ್ಲ. 2018ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ರೈತರ ಮತ್ತು ಗ್ರಾಮೀಣ ಪ್ರದೇಶಗಳಲ್ಲಿ ದುಡಿಯುವವರ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಅದರ 25ನೇ ವಿಧಿ ತಮ್ಮ ಪರಿಸರಕ್ಕೆ, ಸಮಾಜಕ್ಕೆ ಹೊಂದುವ ತರಬೇತಿ ರೈತರ ಹಕ್ಕು ಅನ್ನುತ್ತದೆ. ರೈತರು ಮತ್ತು ವಿಜ್ಞಾನಿಗಳು ಸಮಾನವಾಗಿ ಪಾಲ್ಗೊಳ್ಳುವ ಕೆಲಸಕ್ಕೆ ಸರ್ಕಾರಗಳು ಉತ್ತೇಜನ ಕೊಡಬೇಕು ಅನ್ನುತ್ತದೆ. ರೈತ ಕ್ಷೇತ್ರ ಪಾಠಶಾಲೆಗಳ ಹೆಸರನ್ನೇ ಅಲ್ಲಿ ಬರೆದಿದ್ದಾರೆ. ಜಗತ್ತಿನ ಸುಮಾರು 60 ಕೋಟಿ ಜಮೀನುಗಳಲ್ಲಿ ನೂರಕ್ಕೆ 84ರಷ್ಟು ಎರಡು ಹೆಕ್ಟೇರ್‌ಗಿಂತ ಚಿಕ್ಕವು. ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜಿನಂತೆ, ಜಗತ್ತಿನ ಆಹಾರದ ಮೂರನೇ ಒಂದು ಪಾಲು ಅಲ್ಲಿಂದ ಬರುತ್ತದೆ. ಅವರಿಗೆ ಸಂಬಳದ ಸಲಹೆಗಾರರು ಇಲ್ಲ. ಅವರಿಗೆ ಇರುವುದು ಒಬ್ಬರಿಗೊಬ್ಬರು.

ನಿಮ್ಮ ಮುಂದಿನ ಯೋಜನೆಗೆ ಅರ್ಜಿ ಕರೆಯುವ ಮೊದಲು ಮೂರು ಕೆಲಸ ಮಾಡಿ ಅಂತ ಬೇಡಿಕೊಳ್ಳುತ್ತೇನೆ. ಅನುವುಗಾರರ ಸಂಬಳಕ್ಕೆ ವೆಚ್ಚದ ಪಟ್ಟಿಯಲ್ಲಿ ಬೇರೆ ಸಾಲು ಹಾಕಿ, ಅದು ಸಾಫ್ಟ್‌ವೇರ್‌ನ ಸಾಲಿಗಿಂತ ದೊಡ್ಡದಾಗಿರಲಿ. ಹಣ ನಿಂತರೆ ದಾಖಲೆ ಯಾವ ಗ್ರಂಥಾಲಯಕ್ಕೆ, ಯಾವ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ ಅಂತ ಮೊದಲ ದಿನವೇ ಒಪ್ಪಂದದಲ್ಲಿ ಬರೆಸಿ. ಎಷ್ಟು ಜನ ಆಪ್ ಇಳಿಸಿಕೊಂಡರು ಅಂತ ಕೇಳುವ ಕಡೆ, ಎಷ್ಟು ಪ್ರಶ್ನೆಗಳಿಗೆ "ಆಮೇಲೆ ಏನಾಯಿತು" ಅನ್ನುವ ಉತ್ತರ ಸಿಕ್ಕಿತು ಅಂತ ಕೇಳಿ. ಈಗ ನಡೆಯುತ್ತಿರುವ ಜಾಲಗಳ ಪೈಕಿ ಈ ವರ್ಷವೇ ಅವಧಿ ಮುಗಿಯುವಂಥವು ಯಾವುವು ಅಂತ ನಿಮ್ಮ ಕಚೇರಿಗಳಿಗೆ ಗೊತ್ತಿದೆ. ಮೊದಲು ಅವುಗಳ ದಾಖಲೆಗೆ ಒಂದು ಪ್ರತಿ ಮಾಡಿಸಿ. ಅದಕ್ಕೆ ಹೊಸ ಅನುದಾನ ಬೇಕಿಲ್ಲ, ಒಂದು ಆದೇಶ ಸಾಕು. ನಿಮ್ಮ ಉತ್ತರವನ್ನು ಎಲ್ಲರೂ ಓದುವಂತೆ, ರೈತರ ಭಾಷೆಗಳಲ್ಲೇ ಪ್ರಕಟಿಸಿ.

ವಿಶ್ವಾಸದಿಂದ,

ರೈತರ ಕಲಿಕಾ ಜಾಲಗಳ ಒಬ್ಬ ಅನುವುಗಾರ್ತಿ